ಕೇಕ್ ಸ್ಪ್ರಿಂಕಲ್ಸ್ ವ್ಯಾಪಾರ: ನೀವೇ ತರಿಸಬೇಕೋ, ತರಿಸಿದವರಿಂದ ಕೊಳ್ಳಬೇಕೋ?

ಕೇಕ್ ಮೇಲೆ ಉದುರಿಸುವ ಬಣ್ಣಬಣ್ಣದ ಸ್ಪ್ರಿಂಕಲ್ಸ್ ವ್ಯಾಪಾರಕ್ಕೆ ಹೇಳಿ ಮಾಡಿಸಿದ ಸರಕಿನ ಹಾಗೆ ಕಾಣುತ್ತದೆ. ಬೇಗ ಕೆಡುವುದಿಲ್ಲ, ಫ್ರಿಜ್ ಬೇಡ, ಸಣ್ಣ ಡಬ್ಬಿಗೂ ಒಳ್ಳೆಯ ಲಾಭ ಉಳಿಯುತ್ತದೆ. ಬೇಕಿಂಗ್ ಸಾಮಾನು ಮಾರುವವರಿಗೆ, ಮನೆಯಿಂದಲೇ ಕೇಕ್ ಮಾಡಿಕೊಡುವವರಿಗೆ ‘ಹೊರದೇಶದಿಂದ ನಾವೇ ತರಿಸಿ ಮಾರಿದರೆ ಹೇಗೆ’ ಅಂತ ಅನ್ನಿಸುವುದು ಸಹಜ. ಗೊಂದಲ ಶುರುವಾಗುವುದು ಆಮೇಲೆ. ಆಮದುದಾರರಿಂದ ಸಗಟಿನಲ್ಲಿ ಕೊಳ್ಳುವುದೋ? ಬ್ರ್ಯಾಂಡಿನ ಡಬ್ಬಿಗಳನ್ನು ನೇರವಾಗಿ ತರಿಸುವುದೋ? ಚೀಲಗಟ್ಟಲೆ ತರಿಸಿ ನಮ್ಮದೇ ಹೆಸರಿನ ಡಬ್ಬಿಗೆ ತುಂಬುವುದೋ? ಇಲ್ಲಾ, ಮಾರುವ ದೇಶದಲ್ಲೇ ಯಾರಿಂದಲಾದರೂ ಮಾಡಿಸಿಕೊಳ್ಳುವುದೋ?

ಹೆಚ್ಚಿನವರು ಮೊದಲು ನೋಡುವುದು ಕಿಲೋಗೆ ಎಷ್ಟು ಬೀಳುತ್ತದೆ ಅನ್ನುವುದನ್ನು. ನಾನಾದರೆ ಬೇರೆ ಪ್ರಶ್ನೆಯಿಂದ ಶುರು ಮಾಡುತ್ತೇನೆ: ಡಬ್ಬಿಯಲ್ಲಿ ಏನೋ ಸರಿಯಿಲ್ಲ ಅಂತ ಗೊತ್ತಾದ ದಿನ ಆಹಾರ ಸುರಕ್ಷತಾ ಅಧಿಕಾರಿ ಯಾರ ಬಾಗಿಲಿಗೆ ಬರುತ್ತಾರೆ? ನಾಲ್ಕು ದಾರಿಗಳ ನಡುವಿನ ನಿಜವಾದ ವ್ಯತ್ಯಾಸ ಇರುವುದು ಅಲ್ಲೇ.

ಯಾವುದನ್ನು ನೋಡಿ ತೂಗಬೇಕು

ಮೊದಲನೆಯದು ಬಣ್ಣ. ಸ್ಪ್ರಿಂಕಲ್ಸ್ ಅಂದರೆ ಮುಖ್ಯವಾಗಿ ಸಕ್ಕರೆ, ಪಿಷ್ಟ, ಗ್ಲೂಕೋಸ್ ಸಿರಪ್, ಕೆಲವು ಬಗೆಯಲ್ಲಿ ಸ್ವಲ್ಪ ಕೊಬ್ಬು, ಮೇಲೊಂದು ಹೊಳಪಿನ ಲೇಪ. ಇವುಗಳಿಂದ ತೊಂದರೆ ಬರುವುದು ಕಡಿಮೆ. ತೊಂದರೆ ಬರುವುದು ಬಣ್ಣದಿಂದ. ಒಂದು ದೇಶದಲ್ಲಿ ಒಪ್ಪಿಗೆ ಇರುವ ಬಣ್ಣಕ್ಕೆ ಇನ್ನೊಂದು ದೇಶದಲ್ಲಿ ಒಪ್ಪಿಗೆ ಇರುವುದಿಲ್ಲ.

2021ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಒಂದು ಬೇಕರಿಯ ಕಥೆ ಸುದ್ದಿಯಾಗಿತ್ತು. ಅವರು ಬಳಸುತ್ತಿದ್ದ ಅಮೆರಿಕದ ಸ್ಪ್ರಿಂಕಲ್ಸ್‌ನಲ್ಲಿ ಎರಿಥ್ರೋಸಿನ್, ಅಂದರೆ ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಯುರೋಪಿನಲ್ಲಿ ಕೊಡುವ ‘ಇ’ ಸಂಖ್ಯೆಯಲ್ಲಿ ಇ127 ಎಂಬ ಗುಲಾಬಿ-ಕೆಂಪು ಬಣ್ಣ ಇತ್ತು. ಇಂಗ್ಲೆಂಡಿನಲ್ಲಿ ಆ ಬಣ್ಣ ಪೂರ್ತಿ ನಿಷೇಧ ಏನಲ್ಲ. ಆದರೆ ಕಾಕ್‌ಟೇಲ್ ಚೆರ್ರಿ, ಸಕ್ಕರೆ ಪಾಕದ ಚೆರ್ರಿಯಂಥ ಕೆಲವಕ್ಕೆ ಮಾತ್ರ ಒಪ್ಪಿಗೆ. ಚೆರ್ರಿಗೆ ಹಾಕಬಹುದು, ಸ್ಪ್ರಿಂಕಲ್ಸ್‌ಗೆ ಹಾಕುವಂತಿಲ್ಲ! ಕೇಳಿದವರಿಗೆ ನಗು ಬಂತು. ಬೇಕರಿ ಮಾತ್ರ ಆ ಸ್ಪ್ರಿಂಕಲ್ಸ್ ಬಳಕೆ ನಿಲ್ಲಿಸಬೇಕಾಯಿತು. ‘ಈ ಬಣ್ಣ ನಮ್ಮಲ್ಲಿ ನಡೆಯುತ್ತಾ’ ಅಂತ ಕೇಳಿದರೆ ಸಾಲದು. ‘ಈ ಬಗೆಯ ತಿನಿಸಿಗೆ, ಎಷ್ಟು ಪ್ರಮಾಣದಲ್ಲಿ ನಡೆಯುತ್ತೆ’ ಅಂತ ಕೇಳಬೇಕು. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲಿ ಕೇಕ್ ಅಲಂಕಾರದ ವಸ್ತುಗಳಿಗೆ 05.4 ಎಂಬ ಪ್ರತ್ಯೇಕ ವರ್ಗವೇ ಇದೆ. ಯುರೋಪಿನ ಪಟ್ಟಿಯಲ್ಲೂ ಅದೇ ಅಂಕಿ. ಹುಡುಕಾಟ ಅಲ್ಲಿಂದ ಶುರು ಮಾಡಿದರೆ ಸಮಯ ಉಳಿಯುತ್ತದೆ.

ನಿಯಮ ನಿಂತ ನೀರೂ ಅಲ್ಲ. ಬಿಳಿ ಬಣ್ಣಕ್ಕೂ, ಬೇರೆ ಬಣ್ಣಗಳ ಅಡಿಯ ಪದರಕ್ಕೂ ವರ್ಷಾನುಗಟ್ಟಲೆ ಬಳಕೆಯಲ್ಲಿದ್ದದ್ದು ಟೈಟಾನಿಯಂ ಡೈಆಕ್ಸೈಡ್, ಇ171. 2021ರ ಮೇ ತಿಂಗಳಲ್ಲಿ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಅದನ್ನು ಇನ್ನು ಸುರಕ್ಷಿತ ಅನ್ನಲಾಗದು ಎಂದಿತು. 2022ರಲ್ಲಿ ಐರೋಪ್ಯ ಒಕ್ಕೂಟ ಆಹಾರದಲ್ಲಿ ಅದನ್ನು ನಿಷೇಧಿಸಿತು. ಹಳೆಯ ಸರಕು ಮುಗಿಸಿಕೊಳ್ಳಲು ಕೊಟ್ಟ ಅವಧಿ ಆರೇ ತಿಂಗಳು. ಬ್ರಿಟನ್ ಅದನ್ನು ನಿಷೇಧಿಸಲಿಲ್ಲ. ಅಮೆರಿಕದಲ್ಲಿ ತೂಕದ ಶೇ. 1ರ ಮಿತಿಯೊಳಗೆ ಬಳಸಬಹುದು. ಇತ್ತ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಜನವರಿಯಲ್ಲಿ ರೆಡ್ 3ಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆಯಿತು. ಆಹಾರ ತಯಾರಕರಿಗೆ ಕೊಟ್ಟ ಗಡುವು 2027ರ ಜನವರಿ 15. ರೆಡ್ 3 ಅಂದರೆ ಬೇರೆ ಯಾವುದೂ ಅಲ್ಲ, ಲೀಡ್ಸ್‌ನಲ್ಲಿ ಸಿಕ್ಕಿಬಿದ್ದ ಅದೇ ಇ127. ಇವತ್ತು ಎರಡು ವರ್ಷಕ್ಕಾಗುವಷ್ಟು ಸರಕು ತಂದು ಗೋಡೌನಿನಲ್ಲಿ ಪೇರಿಸಿಟ್ಟರೆ, ಅದು ಮುಗಿಯುವ ಮೊದಲೇ ನಿಯಮ ಬದಲಾಗಬಹುದು.

ಬಣ್ಣದ ಹೆಸರುಗಳ ಬಗ್ಗೆಯೂ ಎಚ್ಚರ ಬೇಕು. ಅಮೆರಿಕದ ಡಬ್ಬಿಯಲ್ಲಿ ರೆಡ್ 40 ಎಂದಿರುವುದು ಯುರೋಪಿನಲ್ಲಿ ಅಲ್ಯೂರಾ ರೆಡ್, ಇ129. ಯೆಲ್ಲೋ 5 ಅಂದರೆ ಟಾರ್ಟ್ರಾಜಿನ್, ಇ102. ಯೆಲ್ಲೋ 6 ಅಂದರೆ ಸನ್‌ಸೆಟ್ ಯೆಲ್ಲೋ, ಇ110. ಬ್ಲೂ 1 ಅಂದರೆ ಬ್ರಿಲಿಯಂಟ್ ಬ್ಲೂ, ಇ133. ತದ್ವಿರುದ್ಧವೂ ಇದೆ. ಯುರೋಪಿನಲ್ಲಿ ನಡೆಯುವ ಕಾರ್ಮೊಯಿಸಿನ್ ಮತ್ತು ಪಾನ್ಸೋ 4ಆರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಇಲ್ಲ. ಇವೆರಡೂ ಭಾರತದಲ್ಲಿ ಮಿತಿಯೊಳಗೆ ನಡೆಯುತ್ತವೆ.

ಎರಡನೆಯದು, ಲೇಬಲ್ ಮೇಲೆ ಯಾರ ಹೆಸರು ಅನ್ನುವುದು. ಐರೋಪ್ಯ ಒಕ್ಕೂಟದಲ್ಲಿ ಡಬ್ಬಿ ಯಾರ ಹೆಸರಲ್ಲಿ ಮಾರಾಟವಾಗುತ್ತದೋ ಆ ಕಂಪನಿ ಒಕ್ಕೂಟದೊಳಗೆ ಇಲ್ಲದಿದ್ದರೆ ಆಮದುದಾರರ ಹೆಸರು, ವಿಳಾಸ ಇರಲೇಬೇಕು. ಅಮೆರಿಕದಲ್ಲಿ ಹೊರದೇಶದ ಪೂರೈಕೆದಾರರು ಸುರಕ್ಷಿತವಾಗಿ ತಯಾರಿಸುತ್ತಿದ್ದಾರೆಯೇ ಎಂದು ಪರಿಶೀಲಿಸಿ ದಾಖಲೆ ಇಡುವ ಹೊಣೆ ಆಮದುದಾರರದ್ದು. ಭಾರತದಲ್ಲಿ ಆಮದಿಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ ಕೇಂದ್ರ ಲೈಸೆನ್ಸ್ ಬೇಕು. ‘ನಾನು ಬರೀ ತರಿಸಿ ಮಾರಿದೆ, ಮಾಡಿದ್ದು ಅವರು’ ಅನ್ನುವ ಮಾತು ಎಲ್ಲೂ ನಡೆಯುವುದಿಲ್ಲ. ಮಾಡಿದವರು ಗಡಿಯಾಚೆ ಇದ್ದಾರೆ, ಕಾನೂನಿನ ಕೈಗೆ ಸಿಗುವವರು ನೀವು.

ಮೂರನೆಯದು ಅಲರ್ಜಿ ಮತ್ತು ಪ್ರಾಣಿಮೂಲ. ಹಾಲಿನ ಪುಡಿ, ಸೋಯಾ ಲೆಸಿಥಿನ್, ಗೋಧಿ ಪಿಷ್ಟ, ಮೊಟ್ಟೆಯ ಬಿಳಿ ಎಲ್ಲೋ ಒಂದು ಕಡೆ ನುಸುಳಿರುತ್ತವೆ. ಯುರೋಪಿನಲ್ಲಿ ಘೋಷಿಸಬೇಕಾದ ಅಲರ್ಜಿ ವಸ್ತುಗಳು 14, ಅಮೆರಿಕದಲ್ಲಿ 9. ಅಲ್ಲಿ ಎಳ್ಳು ಸೇರಿದ್ದು 2023ರಲ್ಲಿ. ಹೊಳಪಿಗೆ ಹಾಕುವ ಶೆಲಾಕ್ ಅರಗಿನ ಹುಳುವಿನಿಂದ ಬಂದದ್ದು. ಕೆಂಪಿಗೆ ಹಾಕುವ ಕಾರ್ಮೈನ್ ಕೂಡ ಕೀಟದಿಂದಲೇ. ಸಸ್ಯಾಹಾರಿ, ವೀಗನ್ ಗ್ರಾಹಕರಿಗೆ ಮಾರುವವರು ಇವೆರಡನ್ನು ಮೊದಲು ಹುಡುಕಬೇಕು.

ಉಳಿದದ್ದು ನಿಮಗೆ ಗೊತ್ತಿರುವ ಲೆಕ್ಕ: ಹಾಕಬೇಕಾದ ಬಂಡವಾಳ, ಕನಿಷ್ಠ ಆರ್ಡರ್, ಕೈಗೆ ಬರುವ ಹೊತ್ತಿಗೆ ಉಳಿದಿರುವ ಅವಧಿ, ಪಕ್ಕದ ಅಂಗಡಿಯಲ್ಲಿ ಸಿಗದ್ದು ನಿಮ್ಮಲ್ಲಿ ಏನಿದೆ ಅನ್ನುವುದು.

ಆಮದುದಾರರಿಂದ ಸಗಟಿನಲ್ಲಿ ಕೊಳ್ಳುವುದು

ಬಂಡವಾಳ ಕಡಿಮೆ, ಅನುಭವ ಕಡಿಮೆ ಇದ್ದರೆ ಸುಮ್ನೆ ಇದನ್ನೇ ಆರಿಸಿ. ಕಸ್ಟಮ್ಸ್, ಲ್ಯಾಬ್ ಪರೀಕ್ಷೆ, ಲೇಬಲ್ ಎಲ್ಲವೂ ಆಮದುದಾರರ ತಲೆನೋವು. ಹತ್ತು ಬಗೆಯನ್ನು ಸ್ವಲ್ಪ ಸ್ವಲ್ಪ ತಂದು ಯಾವುದು ಓಡುತ್ತದೆ ಅಂತ ನೋಡಬಹುದು. ಲಾಭ ಕಡಿಮೆ, ಅದೇ ಡಬ್ಬಿ ಎಲ್ಲರ ಹತ್ತಿರವೂ ಇರುತ್ತದೆ, ಬೆಲೆಯ ಜಗ್ಗಾಟ ತಪ್ಪುವುದಿಲ್ಲ.

ಹಾಗಂತ ನಿಮ್ಮ ಹೊಣೆ ಪೂರ್ತಿ ಕಳಚುವುದಿಲ್ಲ. ಯುರೋಪಿನ 178/2002 ನಿಯಮದ ಪ್ರಕಾರ ಪ್ರತಿ ವ್ಯಾಪಾರಿಗೂ ಸರಕು ಯಾರಿಂದ ಬಂತು, ಬೇರೆ ವ್ಯಾಪಾರಿಗೆ ಕೊಟ್ಟಿದ್ದರೆ ಯಾರಿಗೆ ಹೋಯಿತು ಅಂತ ತೋರಿಸಲು ಆಗಬೇಕು. ಬೇರೆ ಕಡೆಗಳಲ್ಲೂ ಹೆಚ್ಚುಕಮ್ಮಿ ಇದೇ ತತ್ವ. ಬಿಲ್ ಇಲ್ಲದ ಸರಕು ಬೇಡ. ಇನ್ನೊಂದು ವಿಷಯ: ಸಗಟು ವ್ಯಾಪಾರಿ ಕೊಡುವ ಡಬ್ಬಿಯ ಮೇಲೆ ನಿಮ್ಮ ದೇಶದ ಆಮದುದಾರರ ಹೆಸರೇ ಇಲ್ಲದಿದ್ದರೆ, ಬರೀ ಮೂಲ ದೇಶದ ಲೇಬಲ್ ಮಾತ್ರ ಇದ್ದರೆ, ಅದು ಸರಿಯಾದ ದಾರಿಯಲ್ಲಿ ಬಂದ ಸರಕೋ ಅಲ್ಲವೋ ಅಂತ ಅನುಮಾನಪಡಲೇಬೇಕು. ಯಾರೋ ಸೂಟ್‌ಕೇಸಿನಲ್ಲಿ ತಂದದ್ದನ್ನು ಅಗ್ಗಕ್ಕೆ ಕೊಡುತ್ತಿರಬಹುದು. ಆ ಅಗ್ಗದ ಹಿಂದೆ ಒಂದು ಕಾಗದವೂ ಇರುವುದಿಲ್ಲ.

ಬ್ರ್ಯಾಂಡಿನ ಡಬ್ಬಿಗಳನ್ನು ನೇರ ತರಿಸುವುದು

ಇಲ್ಲಿ ನೀವೇ ಆಮದುದಾರರು. ಮಧ್ಯವರ್ತಿಯ ಪಾಲು ಉಳಿಯುತ್ತದೆ. ಬೇರೆಯವರು ತಾರದ ಬ್ರ್ಯಾಂಡನ್ನು ತಂದು, ಸಾಧ್ಯವಾದರೆ ಆ ಪ್ರದೇಶಕ್ಕೆ ಒಬ್ಬರೇ ವಿತರಕರಾಗಿ ಒಪ್ಪಂದ ಮಾಡಿಕೊಳ್ಳಬಹುದು. ಡಬ್ಬಿ ತೆರೆಯುವ ಕೆಲಸ ಇಲ್ಲ, ಹಾಗಾಗಿ ತಯಾರಿಕೆಯ ಲೈಸೆನ್ಸಿನ ತಾಪತ್ರಯ ಕಡಿಮೆ.

ದೊಡ್ಡ ಅಡಚಣೆ ಏನೆಂದರೆ ಒಳಗಿರುವ ವಸ್ತು ನಿಮ್ಮ ಕೈಯಲ್ಲಿಲ್ಲ. ಒಂದೇ ಬ್ರ್ಯಾಂಡ್ ಬೇರೆ ಬೇರೆ ದೇಶಕ್ಕೆ ಬೇರೆ ಬೇರೆ ಬಣ್ಣ ಹಾಕಿ ಮಾಡುವುದುಂಟು. ಹೇಳದೆ ಕೇಳದೆ ಪಾಕವಿಧಾನ ಬದಲಾಗುವುದೂ ಉಂಟು. ಹೋದ ಸಲ ಸಲೀಸಾಗಿ ಬಂದ ಡಬ್ಬಿ ಈ ಸಲ ಗಡಿಯಲ್ಲಿ ನಿಲ್ಲಬಹುದು. ಆದ್ದರಿಂದ ಪ್ರತಿ ಆರ್ಡರ್‌ಗೂ ಆ ಬ್ಯಾಚಿನ ಪದಾರ್ಥಗಳ ಪಟ್ಟಿಯನ್ನು ಮುಂಚೆಯೇ ತರಿಸಿ ನೋಡಿ. ಹಳೆಯ ಫೋಟೋ ಸಾಕು ಅಂತ ಬಿಡಬೇಡಿ.

ಲೇಬಲ್ ಇನ್ನೊಂದು ಖರ್ಚು. ಯುರೋಪಿನಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕ್ವಿನೋಲಿನ್ ಯೆಲ್ಲೋ, ಕಾರ್ಮೊಯಿಸಿನ್, ಅಲ್ಯೂರಾ ರೆಡ್, ಪಾನ್ಸೋ 4ಆರ್ ಈ ಆರರಲ್ಲಿ ಯಾವುದಿದ್ದರೂ ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು ಅನ್ನುವ ಎಚ್ಚರಿಕೆ ಹಾಕಬೇಕು. ಸೌತಾಂಪ್ಟನ್‌ನಲ್ಲಿ ನಡೆದ ಅಧ್ಯಯನ 2007ರಲ್ಲಿ ಬಂದ ನಂತರ ಹುಟ್ಟಿದ ನಿಯಮ ಇದು, 2010ರ ಜುಲೈಯಿಂದ ಜಾರಿಯಲ್ಲಿದೆ. ಅಮೆರಿಕದ ಮೂಲ ಲೇಬಲ್ಲಿನಲ್ಲಿ ಇದು ಇರುವುದಿಲ್ಲ. ಅಂದರೆ ಪ್ರತಿ ಡಬ್ಬಿಗೂ ಸ್ಟಿಕರ್. ಮಕ್ಕಳ ಹುಟ್ಟುಹಬ್ಬದ ಕೇಕಿಗೆ ಬಳಸುವ ಡಬ್ಬಿಯ ಮೇಲೆ ಇಂಥ ಸಾಲು ಇದ್ದರೆ ಗ್ರಾಹಕರು ಕೈ ಹಿಂದಕ್ಕೆ ತೆಗೆಯುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಡಿಯಲ್ಲಿ ನೋಡುವುದು ಬಣ್ಣವನ್ನು ಮಾತ್ರವೇ ಅಲ್ಲ. ಕೋಕೋ ಇಲ್ಲದ ಸಕ್ಕರೆ ಸ್ಪ್ರಿಂಕಲ್ಸ್ ಸಾಮಾನ್ಯವಾಗಿ 1704ರ ಸುಂಕದ ಸಂಕೇತಕ್ಕೆ ಬರುತ್ತದೆ. ಚಾಕಲೇಟ್ ವರ್ಮಿಸೆಲ್ಲಿ, ಅಂದರೆ ಕಡ್ಡಿಯಂಥ ಚಾಕಲೇಟ್ ಸ್ಪ್ರಿಂಕಲ್ಸ್ ಆದರೆ 1806. ಸುಂಕ ಬೇರೆ ಬೇರೆ ಇರಬಹುದು. ಹಾಲು, ಮೊಟ್ಟೆ, ಜೆಲಾಟಿನ್ ಇದ್ದರೆ ಕೆಲವು ಕಡೆ ಪ್ರಾಣಿಮೂಲದ ಸರಕಿನ ನಿಯಮಗಳೂ ಸೇರಿಕೊಳ್ಳುತ್ತವೆ. ಅಮೆರಿಕಕ್ಕೆ ಕಳಿಸುವ ಆಹಾರಕ್ಕೆ ಸರಕು ತಲುಪುವ ಮೊದಲೇ ಎಫ್‌ಡಿಎಗೆ ಮುನ್ಸೂಚನೆ ಕೊಡಬೇಕು. ಮೊದಲ ಸಲ ತರಿಸುವಾಗ ಎಲ್ಲ ಬಗೆಯನ್ನೂ ಒಟ್ಟಿಗೆ ತರಿಸಬೇಡಿ. ಹಾಲು, ಜೆಲಾಟಿನ್, ಕೋಕೋ ಮೂರೂ ಇಲ್ಲದ ಎರಡು ಮೂರು ಸರಳ ಬಗೆಯಿಂದ ಶುರು ಮಾಡಿದರೆ ಕಸ್ಟಮ್ಸ್ ಕೆಲಸ ಮಾಡಿಕೊಡುವ ಕ್ಲಿಯರಿಂಗ್ ಏಜೆಂಟರಿಗೂ ಸುಲಭ, ನಿಮಗೂ ದಾರಿ ತಿಳಿಯುತ್ತದೆ.

ಚೀಲದಲ್ಲಿ ತರಿಸಿ ನಮ್ಮ ಹೆಸರಲ್ಲಿ ತುಂಬುವುದು

ಎಲ್ಲರ ಕಣ್ಣು ಇರುವುದು ಇದರ ಮೇಲೆ. ಲಾಭ ಜಾಸ್ತಿ, ಬ್ರ್ಯಾಂಡ್ ನಮ್ಮದು, ನಾಲ್ಕಾರು ಬಗೆ ಬೆರೆಸಿ ಚಂದದ ಮಿಕ್ಸ್ ಮಾಡಬಹುದು. ಜಾಲತಾಣದ ಫೋಟೋಗಳಲ್ಲಿ ಓಡುವುದೂ ಇವೇ ಮಿಕ್ಸ್‌ಗಳು.

ಆದರೆ ಚೀಲ ಬಿಚ್ಚಿದ ಕ್ಷಣ ನೀವು ಬರೀ ವ್ಯಾಪಾರಿಯಾಗಿ ಉಳಿಯುವುದಿಲ್ಲ. ಮರುತುಂಬುವುದು ಆಹಾರ ಸಂಸ್ಕರಣೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ತಕ್ಕ ಲೈಸೆನ್ಸ್ ಅಥವಾ ನೋಂದಣಿ, ತಪಾಸಣೆಗೆ ಒಪ್ಪುವ ಜಾಗ, ಸ್ವಚ್ಛತೆಯ ದಾಖಲೆ ಬೇಕು. ಅಡುಗೆಮನೆಯ ಮೇಜಿನ ಮೇಲೆ ಮಾಡುವ ಕೆಲಸ ಇದಲ್ಲ.

ಮಿಕ್ಸ್‌ನ ಕಷ್ಟ ಇನ್ನೂ ಆಳದ್ದು. ಐದು ಬಗೆ ಬೆರೆಸಿದರೆ ಐದು ಬ್ಯಾಚ್ ನಂಬರ್, ಐದು ಎಕ್ಸ್‌ಪೈರಿ. ಡಬ್ಬಿಗೆ ಹಾಕಬೇಕಾದದ್ದು ಅವುಗಳಲ್ಲಿ ಎಲ್ಲಕ್ಕಿಂತ ಮೊದಲು ಮುಗಿಯುವ ತಾರೀಖು. ಪದಾರ್ಥಗಳ ಪಟ್ಟಿಯಲ್ಲಿ ಐದರ ಪದಾರ್ಥಗಳೂ ತೂಕದ ಇಳಿಕೆ ಕ್ರಮದಲ್ಲಿ ಸೇರಬೇಕು. ಒಂದು ಬಗೆಯಲ್ಲಿ ಹಾಲಿದ್ದರೆ ಇಡೀ ಮಿಕ್ಸ್ ಹಾಲಿನದ್ದೇ. ಮುಂದೆ ನೀಲಿ ಮುತ್ತಿನ ಒಂದು ಬ್ಯಾಚನ್ನು ಹಿಂದಕ್ಕೆ ಪಡೆಯಬೇಕಾಗಿ ಬಂದರೆ, ಅದು ಸೇರಿದ ಪ್ರತಿ ಡಬ್ಬಿಯೂ ವಾಪಸು ಬರಬೇಕು. ಯಾವ ಡಬ್ಬಿಗೆ ಯಾವ ಬ್ಯಾಚ್ ಹೋಯಿತು ಅಂತ ಬರೆದಿಡದಿದ್ದರೆ ಇದ್ದಬದ್ದ ಎಲ್ಲವನ್ನೂ ವಾಪಸು ತರಿಸಬೇಕಾಗುತ್ತದೆ. ಇದನ್ನು ಬರೆದಿಡುವ ಶಿಸ್ತು ಇದ್ದವರಿಗೆ ಈ ದಾರಿ ಒಳ್ಳೆಯದು. ಪುಸ್ತಕ ಬರೆಯುವುದು ಬೇಜಾರು ಅನ್ನುವವರು ದಯವಿಟ್ಟು ಬೇರೆ ದಾರಿ ನೋಡಿ.

ಹೊಳೆಯುವ ಬಗೆಗಳು ಮಿಕ್ಸ್‌ಗೆ ಕಳೆ ಕೊಡುತ್ತವೆ, ಗಂಡಾಂತರವೂ ಅಲ್ಲೇ. ಲೋಹದ ಹೊಳಪಿನ ಪುಡಿ, ಗ್ಲಿಟರ್ ಡಬ್ಬಿಗಳ ಮೇಲೆ ‘ವಿಷಕಾರಿಯಲ್ಲ’ ಅಥವಾ ‘ಅಲಂಕಾರಕ್ಕೆ ಮಾತ್ರ’ ಅಂತ ಬರೆದಿರುತ್ತದೆ. ಅದರರ್ಥ ತಿನ್ನಬಹುದು ಅಂತ ಅಲ್ಲ. ತಿನ್ನುವಂಥದ್ದಾದರೆ ಪದಾರ್ಥಗಳ ಪಟ್ಟಿ ಇರುತ್ತದೆ. 2018ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಹುಟ್ಟುಹಬ್ಬದ ಕೇಕ್ ತಿಂದ ಆರು ಮಕ್ಕಳು ವಾಂತಿ-ಭೇದಿಯಿಂದ ಬಳಲಿದರು. ಕೇಕಿನ ಮೇಲೆ ಬಳಿದಿದ್ದ ತಿನ್ನಬಾರದ ಹೊಳಪಿನ ಪುಡಿಯಲ್ಲಿ ತಾಮ್ರ ಸಿಕ್ಕಿತು. ಬೆಳ್ಳಿ ಗುಂಡುಗಳದ್ದು ಇನ್ನೊಂದು ಗೊಂದಲ. ಮಿಠಾಯಿಯ ಹೊರಲೇಪಕ್ಕೆ ಬೆಳ್ಳಿ, ಅಂದರೆ ಇ174, ಯುರೋಪಿನಲ್ಲಿ ನಡೆಯುತ್ತದೆ. ಅಮೆರಿಕದಲ್ಲಿ ಬೆಳ್ಳಿ ಲೇಪದ ಗುಂಡುಗಳು ಅಲಂಕಾರಕ್ಕೆ ಮಾತ್ರ, ತಿನ್ನಲು ಅಲ್ಲ. ಮರುತುಂಬುವ ವ್ಯಾಪಾರದ ಮೊದಲ ವರ್ಷ ಹೊಳೆಯುವ ಬಗೆಗಳನ್ನು ಮುಟ್ಟದಿರುವುದೇ ಜಾಣತನ ಅಂತ ನನಗನ್ನಿಸುತ್ತದೆ.

ಮಾರುವ ದೇಶದಲ್ಲೇ ಮಾಡಿಸಿಕೊಳ್ಳುವುದು

ಈ ಆಯ್ಕೆಯನ್ನು ಹೆಚ್ಚಿನವರು ಕಡೆಗೆ ನೋಡುತ್ತಾರೆ, ಮೊದಲು ನೋಡಬೇಕಿತ್ತು. ಅಲ್ಲಿನ ತಯಾರಕರಿಗೆ ಅಲ್ಲಿನ ಬಣ್ಣದ ಪಟ್ಟಿ ಬಾಯಿಪಾಠ ಇರುತ್ತದೆ. ಕಸ್ಟಮ್ಸ್ ಇಲ್ಲ, ಹಡಗಿನಲ್ಲಿ ಕಳೆದುಹೋಗುವ ವಾರಗಳಿಲ್ಲ, ಪೂರ್ತಿ ಅವಧಿ ಇರುವ ತಾಜಾ ಸರಕು ಸಿಗುತ್ತದೆ. ನಿಯಮ ಬದಲಾದರೆ ಮುಂದಿನ ಬ್ಯಾಚಿನಲ್ಲೇ ಬಣ್ಣ ಬದಲಿಸಬಹುದು. ಶೆಲಾಕ್ ಬೇಡ, ಸಸ್ಯದಿಂದ ಬರುವ ಕಾರ್ನೌಬಾ ಮೇಣ ಹಾಕಿ ಅಂತ ಕೇಳಬಹುದು. ಆಮದಿನಲ್ಲಿ ಇಂಥ ಮಾತಿಗೆ ಕಿವಿಗೊಡುವವರು ಕಡಿಮೆ.

ತೊಡಕು ಎರಡು. ಒಂದು, ಕನಿಷ್ಠ ಆರ್ಡರ್. ಸಕ್ಕರೆ ಹರಳಿನ ಮೇಲೆ ತಿರುಗುವ ಡ್ರಮ್ಮಿನಲ್ಲಿ ಪದರ ಪದರವಾಗಿ ಪಾಕ ಲೇಪಿಸಿ ಸಣ್ಣ ಗುಂಡುಗಳನ್ನು ಮಾಡುತ್ತಾರೆ. ಪ್ರತಿ ಬಣ್ಣಕ್ಕೂ ಒಂದು ಡ್ರಮ್ ತುಂಬಲೇಬೇಕು, ನಡುವೆ ಯಂತ್ರ ತೊಳೆಯಬೇಕು. ಅವರೂ ಐದು ಕಿಲೋ ಮಾಡಿಕೊಡಲಾರರು. ಎರಡು, ಆಕಾರಗಳ ವೈವಿಧ್ಯ. ಒತ್ತಿ ಮಾಡುವ ನಕ್ಷತ್ರ, ಹೃದಯ, ಹೂವುಗಳಿಗೆ ಅಚ್ಚು ಬೇಕು. ಅಚ್ಚಿನ ಖರ್ಚು ಕೊಡುವುದು ನೀವೇ. ಕಡ್ಡಿ, ಗುಂಡು, ಬಿಲ್ಲೆ ಸಾಕು ಅನ್ನುವವರಿಗೆ ಇದು ತೊಡಕೇ ಅಲ್ಲ.

ಮನೆಯಲ್ಲೇ ರಾಯಲ್ ಐಸಿಂಗ್ ಎಳೆದು ಒಣಗಿಸಿ ಕತ್ತರಿಸುವ ವಿಧಾನವೂ ಇದೆ. ನಿಮ್ಮದೇ ಕೇಕಿಗೆ ಚೆನ್ನ. ಡಬ್ಬಿಗೆ ತುಂಬಿ ಮಾರುವಷ್ಟು ಮಾಡಲು ಹೊರಟರೆ ಕೈ ನೋವೇ ಲಾಭ.

ಸಹಜ ಬಣ್ಣವೋ, ಕೃತಕವೋ

ಯಾವ ದಾರಿ ಹಿಡಿದರೂ ಈ ಪ್ರಶ್ನೆ ಎದುರಾಗುತ್ತದೆ. ಅರಿಶಿನ, ಬೀಟ್‌ರೂಟ್, ಸ್ಪಿರುಲಿನಾದಂಥ ಸಹಜ ಬಣ್ಣಗಳಿಗೆ ಲೇಬಲ್ಲಿನ ಎಚ್ಚರಿಕೆ ಸಾಲು ಬೇಡ, ಎರಡು ಮೂರು ದೇಶಗಳಿಗೆ ಒಂದೇ ಪಾಕವಿಧಾನ ಹೊಂದಿಸುವುದೂ ಸುಲಭ. ಬದಲಿಗೆ ಬಣ್ಣ ಮಂಕು. ಬೆಳಕಿಗೆ ಇಟ್ಟರೆ ಇನ್ನೂ ಮಾಸುತ್ತದೆ. ಬೀಟ್‌ರೂಟ್ ಬಣ್ಣ ಓವನ್ ಶಾಖ ತಡೆಯುವುದಿಲ್ಲ. ಹಿಟ್ಟಿನೊಳಗೆ ಬೆರೆಸಿ ಬೇಯಿಸುವ ಕೇಕಿಗೆ ಇದು ಕೈಕೊಡುತ್ತದೆ. ಕೃತಕ ಬಣ್ಣ, ಅದರಲ್ಲೂ ನೀರಲ್ಲಿ ಕರಗದ ಲೇಕ್ ರೂಪದ್ದು, ಬಟರ್‌ಕ್ರೀಮ್ ಮೇಲೆ ಬಿಟ್ಟುಕೊಳ್ಳುವುದು ಕಡಿಮೆ.

ಪಾರದರ್ಶಕ ಡಬ್ಬಿಯಲ್ಲಿ ಕಿಟಕಿ ಬಳಿ ಜೋಡಿಸಿಡುವ ಅಂಗಡಿಗೆ ಸಹಜ ಬಣ್ಣ ಹೊಂದುವುದಿಲ್ಲ. ಬೇಗ ಖಾಲಿಯಾಗುವ, ಪಟ್ಟಿ ಓದಿ ಕೊಳ್ಳುವ ತಾಯಂದಿರೇ ಹೆಚ್ಚಿರುವ ಆನ್‌ಲೈನ್ ಮಾರಾಟಕ್ಕೆ ಚೆನ್ನಾಗಿ ಹೊಂದುತ್ತದೆ.

ಯಾರಿಗೆ ಯಾವುದು

ಕೇಕ್ ಮಾಡಿ ಮಾರುವುದು ನಿಮ್ಮ ಮುಖ್ಯ ಕೆಲಸ, ಸ್ಪ್ರಿಂಕಲ್ಸ್ ಪಕ್ಕದ ಆದಾಯ ಅಂತಾದರೆ ಸಗಟಿನಲ್ಲೇ ಕೊಳ್ಳಿ. ಈಗಾಗಲೇ ಬೇರೆ ಆಹಾರ ಸರಕು ಆಮದು ಮಾಡುತ್ತಿದ್ದು ಲೈಸೆನ್ಸ್, ಏಜೆಂಟ್, ಗೋಡೌನ್ ಇರುವವರಿಗೆ ಬ್ರ್ಯಾಂಡ್ ಡಬ್ಬಿ ಲಾಭದ ದಾರಿ, ಹೊಸ ಖರ್ಚು ಹೆಚ್ಚೇನೂ ಇಲ್ಲ. ಸ್ವಂತ ಬ್ರ್ಯಾಂಡ್ ಕಟ್ಟಲೇಬೇಕು ಅನ್ನುವವರು ಚೀಲ ತರಿಸುವ ಮೊದಲು ಒಮ್ಮೆ ಸ್ಥಳೀಯ ತಯಾರಕರ ದರ ಕೇಳಿ. ಸುಂಕ, ಲ್ಯಾಬ್ ಶುಲ್ಕ, ಬಂದರಿನಲ್ಲಿ ಸರಕು ನಿಂತರೆ ಕಟ್ಟುವ ಡೆಮರೇಜ್, ಸ್ಟಿಕರ್, ತುಂಬುವ ಜಾಗದ ಬಾಡಿಗೆ ಎಲ್ಲ ಕೂಡಿಸಿದ ಮೇಲೆ ಕಿಲೋದ ದರದಲ್ಲಿ ಕಂಡ ಅಂತರ ಎಷ್ಟು ಉಳಿಯುತ್ತದೆ ನೋಡಿ. ಸ್ಥಳೀಯರಲ್ಲಿ ಸಿಗದ ಆಕಾರ ಬೇಕೇ ಬೇಕು ಅನ್ನುವುದಾದರೆ ಮಾತ್ರ ಮರುತುಂಬುವ ದಾರಿಗೆ ಅರ್ಥ ಇದೆ.

ಯಾವುದನ್ನು ಆರಿಸಿದರೂ ಹಣ ಕಳಿಸುವ ಮೊದಲು ಪೂರೈಕೆದಾರರಿಂದ ನಾಲ್ಕು ಕಾಗದ ಕೇಳಿ: ಪ್ರತಿ ಬಣ್ಣಕ್ಕೂ ಇ ಸಂಖ್ಯೆ ಅಥವಾ ಕೋಡೆಕ್ಸ್‌ನ ಐಎನ್‌ಎಸ್ ಸಂಖ್ಯೆ ಮತ್ತು ಪ್ರಮಾಣ ಇರುವ ಪದಾರ್ಥಗಳ ವಿವರ, ಕಳಿಸುವ ಬ್ಯಾಚಿನ ಲ್ಯಾಬ್ ವರದಿ, ಅದೇ ಯಂತ್ರದಲ್ಲಿ ಬೇರೆ ಏನೇನು ತಯಾರಾಗುತ್ತದೆ ಅನ್ನುವುದನ್ನೂ ಹೇಳುವ ಅಲರ್ಜಿ ಘೋಷಣೆ, ತಯಾರಿಕೆ ಮತ್ತು ಮುಕ್ತಾಯದ ತಾರೀಖು. ಒಳ್ಳೆಯ ತಯಾರಕರ ಬಳಿ ಇವು ಸಿದ್ಧ ಇರುತ್ತವೆ, ಕೇಳಿದ ಕೂಡಲೇ ಕಳಿಸುತ್ತಾರೆ. ‘ಎಲ್ಲವೂ ಫುಡ್ ಗ್ರೇಡ್, ಚಿಂತೆ ಬೇಡ’ ಅನ್ನುವ ಉತ್ತರ ಬಂದರೆ ಮುಂದಿನ ಹೆಸರಿಗೆ ಹೋಗಿ.